ನಾಲ್ಕು ಗ್ರಾಂ

ಬಂದರಿನಲ್ಲಿ ತಕ್ಕಡಿ ರಿಪೇರಿ ನನ್ನ ಕೆಲಸ.
ಬಾವುಟಗುಡ್ಡೆಯ ಹಳೇ ಶಾಲೆಯಿಂದ ಫೋನು:
ಒಂದು ನಾಣ್ಯ ತೂಗಬೇಕಿತ್ತು.
ನಾಣ್ಯ ಎಣಿಸುವುದಲ್ಲವಾ, ಅಂದೆ.
ಇದು ತೂಗುವ ಕಾಲದ್ದು, ಬನ್ನಿ, ಅಂದರು.

ಸಿಪ್ರಿಯನ್ ಕಪಾಟಿನ ಬೀಗ ತೆಗೆದು
ಅಂಗೈಯಲ್ಲಿಟ್ಟ. ಕೈ ಒಮ್ಮೆ ಕೆಳಗಿಳಿಯಿತು.
ದುಡ್ಡಲ್ಲ ಇದು, ತೂಕದ ಬಟ್ಟು!
ಅಂಚಿನಲ್ಲಿ ಅಚ್ಚಿನ ಎರಡು ಹೋಳು ಕೂಡಿದ ಗೆರೆ,
ಎರಕ ಹೊಯ್ದ ಬಾಯಿ ಮುರಿದ ಗುರುತು.
ಬಡಿದದ್ದಲ್ಲ, ಹೊಯ್ದದ್ದು. ಕಂಚು.

ಒಂದು ಬದಿಗೆ ಎರಡು ಮುಖದ ದೇವರು,
ಬರುವವರನ್ನೂ ಹೋಗುವವರನ್ನೂ
ಒಟ್ಟಿಗೇ ವಿಚಾರಿಸುವ ಗಡ್ಡ.
ತಿರುಗಿಸಿದರೆ ಹಡಗಿನ ಮೂತಿ.
ಇದನ್ನು ನಾನು ಬಲ್ಲೆ.
ಈರುಳ್ಳಿ, ಜಲ್ಲಿ, ಒಂದೆರಡು ಆಡು ತುಂಬಿಕೊಂಡು
ಲಕ್ಷದ್ವೀಪಕ್ಕೆ ಹೊರಡುವ ಮಂಜಿಗೂ
ಇದೇ ಮೂತಿ, ಇದೇ ಸೊಕ್ಕು.

ಇಟಲಿಯ ಪಾದ್ರಿಯೊಬ್ಬರು ತಂದದ್ದಂತೆ, ಜೊತೆಗೊಂದು ಚೀಟಿ.
ಸಿಪ್ರಿಯನ್ ಓದಿದ, ಕನ್ನಡಕ ಹಣೆಗೇರಿಸಿ:
ರೋಮಿನಲ್ಲಿ ಮೊದಲು ದನವೇ ದುಡ್ಡು.
ಆಮೇಲೆ ಕಂಚಿನ ಗಟ್ಟಿ, ಒಡೆದೊಡೆದು ಕೊಡುವುದು.
ಆಮೇಲೆ ಈ ಬಿಲ್ಲೆ. ಒಂದು ಪೌಂಡು, ಹನ್ನೆರಡು ಔನ್ಸು.
ತೆರಿಗೆ ಕಟ್ಟಲು ಗಾಡಿ ಹೂಡಬೇಕಿತ್ತು.
ಎತ್ತೋ ಆಳೋ ಜಮೀನೋ ಕೈ ಬದಲಾಗುವಾಗ
ಸಾಕ್ಷಿಗೆ ಐದು ಜನ, ನಡುವೆ
ತಕ್ಕಡಿ ಹಿಡಿದವನೊಬ್ಬ.

ಅವನ ಹೆಸರು?
ಚೀಟಿ ತಿರುಗಿಸಿ ನೋಡಿದ. ಇಲ್ಲ.

ತೂಗಿದೆ.
ಪಾದ್ರಿ ಬರೆದದ್ದು ಇನ್ನೂರ ಎಪ್ಪತ್ತಮೂರು.
ನನಗೆ ಬಂದದ್ದು ಇನ್ನೂರ ಅರವತ್ತೊಂಬತ್ತು.
ಫ್ಯಾನ್ ಆರಿಸಿ ತೂಗಿದೆ. ಕಿಟಕಿ ಮುಚ್ಚಿ ತೂಗಿದೆ.
ನಾಲ್ಕು ಗ್ರಾಂ ಎಲ್ಲಿಗೆ ಹೋಯಿತು, ಎಂದು
ಸಿಪ್ರಿಯನ್ ನನ್ನ ಕೈ ನೋಡಿದ.
ನನ್ನ ತಕ್ಕಡಿಗೆ ಸರಕಾರದ ಮುದ್ರೆ ಉಂಟು, ಎನ್ನುವಾಗ
ನಾಲಿಗೆ ಎಡವಿತು.

ಎರಡು ಕಿಲೋ ಬಟ್ಟಿನ ತಳದಲ್ಲಿ ಒಂದು ಗುಳಿ,
ಗುಳಿಯಲ್ಲಿ ಸೀಸ, ಸೀಸದ ಮೇಲೆ ಮುದ್ರೆ.
ಮುದ್ರೆ ಮುಕ್ಕಾಗದಂತೆ ಒಳಗಿನಿಂದ ಸೀಸ ತೆಗೆಯುವುದು
ಈ ಊರಿನಲ್ಲಿ ಅಪ್ಪನೊಬ್ಬನಿಗೇ ಬರುತ್ತಿತ್ತು.
ಒಮ್ಮೆ ತೆಗೆದ. ಎರಡು ತೊಲ. ಕೂಲಿ ಹನ್ನೆರಡಾಣೆ.
ತೆಗೆಸಿದ ಸಾಹುಕಾರ ಕೋರ್ಟಿನಲ್ಲಿ
ಇವನ ಮುಖವೇ ಕಂಡಿಲ್ಲವೆಂದ.
ಆರು ತಿಂಗಳು.
ವಾಪಸು ಬಂದವನಿಗೆ ಯಾರೂ ತಕ್ಕಡಿ ಕೊಡಲಿಲ್ಲ,
ಕೊಡೆ ರಿಪೇರಿ ಮಾಡಿದ.

ಚೀಟಿಯ ಬೆನ್ನಲ್ಲಿ ಇನ್ನೂ ಇತ್ತು:
ಯುದ್ಧ ಬಂತು, ಖಜಾನೆ ಸೊರಗಿತು,
ಹನ್ನೆರಡು ಔನ್ಸು ಆರಾಯಿತು, ಎರಡಾಯಿತು, ಒಂದಾಯಿತು.
ಹೆಸರು ಅದೇ. ದೇವರು ಅದೇ. ಹಡಗು ಅದೇ.
ಯಾರನ್ನೂ ಹಿಡಿಯಲಿಲ್ಲವಾ, ಕೇಳಿದೆ.
ಸಿಪ್ರಿಯನ್ ನಕ್ಕ. ಯಾರನ್ನು ಹಿಡಿಯುವುದು,
ತೆಗೆದವರೇ ಮುದ್ರೆಯವರು.

ಆಗ ಕಂಡದ್ದು, ತಟ್ಟೆಯಲ್ಲಿ ಉಳಿದ ಪುಡಿ.
ತಿಳಿ ಹಸಿರು, ಪಾಚಿಯ ಮರಿಯ ಹಾಗೆ.
ಕಿಲುಬು, ಅಂದೆ. ನಿಮ್ಮ ಕಿಟಕಿ ಪಡುವಣಕ್ಕುಂಟು.
ಉಪ್ಪುಗಾಳಿ ಇಷ್ಟು ವರ್ಷ
ಚೂರು ಚೂರೇ ಒಯ್ದಿದೆ.
ಒರೆಸಬೇಡಿ. ಗಾಜಿನೊಳಗೆ ಒಣ ಸುಣ್ಣ ಇಡಿ.

ಚೀಟಿಯ ಕೊನೆಗೆ ಹೊಸ ತೂಕ ಬರೆದು
ತೂಗಿದವರು ಯಾರೆಂದು ಬರೆಯಲಿ, ಎಂದ.
ದೂಮಪ್ಪ, ಅಂದೆ.
ನಿಮ್ಮ ಹೆಸರು ಬೇರೆ ಅಲ್ಲವಾ?
ದೂಮಪ್ಪ ಅಂತಲೇ ಬರೆಯಿರಿ.
ಇನ್ನೂರು ರೂಪಾಯಿ ಫೋನಿಗೆ ಬಂತು,
ಟಣ್ ಎಂದು, ಗುಂಜಿಯಷ್ಟೂ ಭಾರವಿಲ್ಲದೆ.

ಧಕ್ಕೆಯಲ್ಲಿ ಅಪ್ಪಿಯಕ್ಕ ಬಂಗುಡೆ ತೂಗುವುದಿಲ್ಲ,
ಎಣಿಸುತ್ತಾಳೆ. ನೂರಕ್ಕೆ ಎಂಟು,
ಮುಖ ನೋಡಿ ಒಂಬತ್ತನೆಯದು.
ಉಗುರೇಕೆ ಹಸಿರು, ವಿಷವಾ, ಎಂದು
ಕೈ ತೊಳೆಸಲು ಚೊಂಬು ಎತ್ತಿದಳು.

ತಡಿ, ಅಂದೆ.