ಲಕ್ಷ್ಮೇಶ್ವರ ಲೈನು

ಕುಂದರು, ಫಕ್ಕೀರೇಶ. ಡೈರಿ ಆಮ್ಯಾಲೆ ತಗಿ.
ಯಾರ ಬಾಕಿ ಎಷ್ಟಂತ ಅದರಾಗ ಐತಿ,
ಎಲ್ಲಿ ಉಣ್ಣಬೇಕಂತ ಇಲ್ಲ.
ಇಪ್ಪತ್ತೆರಡು ವರ್ಷ ಚಹಾಪುಡಿ ಮಾರೇನಿ ಈ ದಾರಿಗುಂಟ,
ಹೊಟ್ಟಿ ಕೆಟ್ಟಿದ್ದು ಎರಡ ಸಲ.
ಅದರಾಗ ಒಂದು ಮದವಿ ಊಟ, ಲೆಕ್ಕಕ್ಕ ಹಿಡೀಬ್ಯಾಡ.

ಗದಗಿನಾಗ ಏನೂ ತಿನ್ನದ ಹೊರಡು.
ಬಸ್‌ಸ್ಟ್ಯಾಂಡ್ ಮುಂದ ಬದನಿಕಾಯಿ ಬಜಿ ಕರೀತಾರ,
ಬಜಿ ನಿನ್ನ ಕರೀತಾವ.
ಕರೀಲಿ.
ಮುಳಗುಂದತನ ಹೊಟ್ಟಿ ಖಾಲಿ ಇರಲಿ,
ಎರಿಹೊಲದ ಗಾಳಿ ಒಳಗ ಆಡಲಿ.
ಅಲ್ಲಿ ಹತ್ತಿ ಮಿಲ್ಲಿನ ಗ್ವಾಡಿಗೆ ಆತು ನಿಂತ ತಗಡಿನ ಶೆಡ್ಡು,
ಬೋರ್ಡಿಲ್ಲ, ದ್ಯಾಮಣ್ಣನ ಗಿರಮಿಟ್ ಅಂದ್ರ ನಾಯಿನೂ ತೋರಸತೈತಿ.
ಉಳ್ಳಾಗಡ್ಡಿ ನಿನ್ನ ಕಣ್ಣ ಮುಂದ ಹೆಚ್ಚಿದ್ರ ತಿನ್ನು,
ಮೊದ್ಲ ಹೆಚ್ಚಿಟ್ಟಿದ್ರ ಮಾತಾಡಿಸಿ ಬಾ.
ಫೋನ್ ಬಂದ್ರೂ ಎತ್ತಬ್ಯಾಡ.
ಚುರಮರಿ ಮೆತ್ತಗಾದ್ರ ಮುಗೀತು,
ಗಿರಮಿಟ್ಟಿನ ಆಯುಷ್ಯ ನಾಕ ನಿಮಿಷ.

ಲಕ್ಷ್ಮೇಶ್ವರಕ್ಕ ಹನ್ನೆರಡೂವರಿಗೆ ಮುಟ್ಟು, ಒಂದಕ್ಕಲ್ಲ.
ಒಂದಕ್ಕ ಕೋರ್ಟಿನ ಮಂದಿ ಬರ್ತಾರ,
ಎಣ್ಣಿಗಾಯಿಯೊಳಗ ಕಾಯಿ ಅವರಿಗೆ, ಎಣ್ಣಿ ನಿನಗ.
ಪ್ಯಾಟಿ ಹಿಂದ ಚನ್ನವೀರವ್ವನ ಖಾನಾವಳಿ.
ಬಾಗಿಲ ಗಿಡ್ಡ, ತಲಿ ಬಗ್ಗಿಸು.
"ಸಾಕು" ಅಂತ ಬಾಯಿಲೆ ಅನಬ್ಯಾಡ, ಆಕಿಗೆ ಆ ಶಬ್ದ ಕೇಳಸೂದಿಲ್ಲ.
ತಾಟಿನ ಮ್ಯಾಲೆ ಎರಡೂ ಕೈ ಅಡ್ಡ ಹಿಡಿ,
ಆದ್ರೂ ಬೆರಳ ಸಂದ್ಯಾಗ ಗುರೆಳ್ಳ ಚಟ್ನಿ ಉದುರಸ್ತಾಳ.
ಹಕ್ಕರಕಿ ಇಟ್ಟ ದಿನ ಮಾತಾಡಬ್ಯಾಡ, ಉಣ್ಣು.

ನನಗ ಶುಗರ್ ಅಂತ ನಾ ಆಕಿಗೆ ಹೇಳಿಲ್ಲ, ಖರೇನ.
ಒಂದ ಅಮಾಸಿ ದಿನ ಎಲ್ಲಾರ ತಾಟಿಗೂ ಹೋಳಿಗಿ ಬಿತ್ತು,
ನನ್ನ ತಾಟಿಗೆ ನವಣಕ್ಕಿ ಅನ್ನ.
ನಾ ಆಕಿ ಮಾರಿ ನೋಡಿದೆ.
ಆಕಿ ತುಪ್ಪದ ಗಿಂಡಿ ನೋಡಿದಳು.
ಅವತ್ತಿನಿಂದ ಪುಡಿ ಬಾಕಿ ಕೇಳಾಕ ನನಗ ನಾಲಿಗಿ ಬರವಲ್ದು.
ನೀ ಕೇಳು, ಹೊಸಬ ಅದಿ.

ಇನ್ನ ಯಲವಿಗಿ. ಸ್ಟೇಷನ್ ಬಾಜೂಕ ಬುಡೇನಸಾಬ.
ಇಪ್ಪತ್ತೆರಡು ವರ್ಷ ಸ್ಯಾಂಪಲ್ ಕೊಟ್ಟೇನಿ,
ಇಪ್ಪತ್ತೆರಡು ವರ್ಷ ನಕ್ಕಾನ,
ಪಾವಕಿಲೋನೂ ಕೊಂಡಿಲ್ಲ.
ಎಲ್ಲಿಂದ ತರ್ತಾನೋ, ಏನ ಕೂಡಸ್ತಾನೋ,
ಶುಂಠಿ ಕುಟ್ಟೋ ಕಲ್ಲಿನ ಗುಣಾನೋ,
ಆ ಚಹಾದ ಮುಂದ ನಮ್ಮದು ಬಣ್ಣದ ನೀರು.
ಅಲ್ಲೇ ಕುಡಿ. ಬಸಿಯೊಳಗ ಸುರುವಿಕೊಂಡು,
ಗೂಡ್ಸ್ ಗಾಡಿ ಡಬ್ಬಿ ಎಣಸ್ಕೋಂತ.
ಕಂಪನಿಗೆ ಹೇಳಬ್ಯಾಡ.

ಸಂಜಿಮುಂದ ಸವಣೂರಿನಾಗ ಡೀಲರ ಬಾರಿಗೆ ಕರ್ಕೊಂಡ ಹೊಕ್ಕಾನ.
ಮುಂದ ಖಾರಾ ಇರತೈತಿ, ಗ್ಲಾಸೂ ಇರತೈತಿ.
ಖಾರಾ ತಿಂದು ಎದ್ದ ಬಾ,
ಗಾಡಿ ಹೆಡ್‌ಲೈಟು ಮೊದಲ ಮಬ್ಬ ಐತಿ.

ತಡಿ, ಒಂದ ಬಿಟ್ಟೆ.
ಯಲವಿಗಿ ದಾಟಿದ ಮ್ಯಾಲೆ, ಬನ್ನಿಗಿಡದ ಹೊಲ.
ತೆನಿಯೊಳಗ ಹಾಲ ತುಂಬಿದಾಗ ಹಕ್ಕಿ ಕಾಯಾಕ ಬರ್ತಾನ ಒಬ್ಬ ಮುದುಕ,
ಹೆಸರ ಕೇಳಿದೆ, ಕಿವಿ ಮಂದ, "ಹ್ಞೂಂ" ಅಂದ.
ಗಾಡಿ ನಿಂದ್ರಸಿದ್ರ ಗಡಿಗಿ ನೀರು, ಅಂಗೈಯಾಗ ಚೂರ ಬೆಲ್ಲ.
ಅಲ್ಲಿ ಮಾರೂದಿಲ್ಲ, ಕೊಳ್ಳೂದಿಲ್ಲ,
ಡೈರಿಯಾಗ ಆ ಹೊಲಕ್ಕ ಪುಟಾನ ಇಲ್ಲ.
ಬೆಲ್ಲ ಬ್ಯಾಡಂದ್ರ ನೀರಿನ ತಂಬಿಗಿನೂ ಹಿಂದ ತಗೋತಾನ.
ನಾ ತಿಂದೇನಿ, ಪ್ರತಿ ಸಲ.
ಇದನ್ನ ಡಾಕ್ಟರಗ ಹೇಳಬ್ಯಾಡ.

ಹಿಡಿ ಬ್ಯಾಗು. ಎಡಗಡೆ ಪಟ್ಟಿ ಹರದೈತಿ, ಬಲಕ್ಕ ಹಾಕ್ಕೋ.
ಇವತ್ತ ಒಯ್ಯು, ನಾಳೆ ಅನಬ್ಯಾಡ.
ಗೂಟಕ್ಕ ತೂಗಿದ್ರ ರಾತ್ರಿಯೆಲ್ಲಾ
ಮನಿ ತುಂಬ ಪುಡಿ ವಾಸನಿ,
ನಸಿಕಿನ್ಯಾಗ ಎದ್ದು
ಬೂಟ ಹುಡುಕತೇನಿ.