ಲೋಕಲ್ ಲೈನ್

ನನ್ನ ಬಲಗೈ ಎಡಗೈಗಿಂತ ಕಪ್ಪು.
ಇಪ್ಪತ್ತಾರು ವರ್ಷ ಕಿಟಕಿಯ ಮೇಲೆ ಇಟ್ಟದ್ದು.
ಮದುವೆಯ ಫೋಟೋದಲ್ಲಿ ಎರಡೂ ಒಂದೇ ಬಣ್ಣ,
ನಂಬದಿದ್ದರೆ ಬನ್ನಿ, ತೋರಿಸುತ್ತೇನೆ.

ಘಾಟಿ ಹತ್ತಿದವನಲ್ಲ ನಾನು.
ಬೊಂಬಾಯಿ ಲೈನಿನವರು ಡಾಬಾದ ಕಥೆ ಬಿಡುವಾಗ
ನನ್ನ ಹತ್ತಿರ ಇದ್ದದ್ದು ಬಂದರಿನಿಂದ ಕಂಕನಾಡಿ,
ಕಂಕನಾಡಿಯಿಂದ ಕುಲಶೇಖರ, ಆಚೆ ವಾಮಂಜೂರು,
ಹೆಚ್ಚೆಂದರೆ ಗುರುಪುರದ ಸಂಕ ದಾಟಿ ಕೈಕಂಬ.
ಮಧ್ಯಾಹ್ನ ಗಂಜಿಗೆ ಮನೆ.
‘ಅದೂ ಒಂದು ಡ್ರೈವರಿಕೆಯಾ?’ ಎಂದು ನಗುತ್ತಿದ್ದರು.

ಮುಂದೆ ಹೋಗಲಿಕ್ಕೆ ಯಾರಿಗೆ ಬರುವುದಿಲ್ಲ ಮಾರಾಯ್ರೆ?
ಈ ಊರು ನನಗೆ ಗೊತ್ತಿರುವುದು ರಿವರ್ಸಿನಲ್ಲಿ.
ಗುಡ್ಡಕ್ಕೊಂದು ಓಣಿ, ಓಣಿಗೆ ಕೆಂಪು ಕಲ್ಲಿನ ಪಾಗಾರ,
ಪಾಗಾರಕ್ಕೆ ತಾಗದ ಹಾಗೆ ಇಪ್ಪತ್ತು ಮೂಟೆ ಕುಚ್ಚಲಕ್ಕಿಯನ್ನು
ಲಿಗೋರಿ ಪೊರ್ಬುಗಳ ಅಂಗಡಿಯ ಮೆಟ್ಟಿಲಿಗೆ ತಂದು ನಿಲ್ಲಿಸಬೇಕು.
ಕನ್ನಡಿಯಲ್ಲಿ ಕಾಣುವುದು ಅರ್ಧ ತೆಂಗಿನಮರ, ಒಂದು ನಾಯಿ.

ಮಿಕ್ಕದ್ದು ಹಮ್ಮಬ್ಬ.

ತಗಡಿನ ಮೇಲೆ ಅವನ ಅಂಗೈ. ಟಪಟಪ ಎಂದರೆ ಬರಲಿ,
ಒಂದು ಗುದ್ದಿದರೆ ನಿಲ್ಲು, ಎರಡು ತಟ್ಟಿದರೆ ಹೋಗುವ.
ಬಾಯಿ ತುಂಬ ಯಾವಾಗಲೂ ಎಲೆಯಡಿಕೆ,
ಹಾಗಾಗಿ ಮಾತೆಲ್ಲ ಕೈಯಲ್ಲೇ.
ಬಿಜೈಯ ಇಳಿಜಾರಿನಲ್ಲಿ ಒಮ್ಮೆ ಅವನು ಗುದ್ದಿದ ರಭಸಕ್ಕೆ
ಹೆದರಿ ಇಳಿದು ನೋಡಿದರೆ
ಚಕ್ರದಿಂದ ಗೇಣು ದೂರ ಒಂದು ಹೇಂಟೆ, ಹನ್ನೊಂದು ಮರಿ.
ಹನ್ನೊಂದು ಎಂದದ್ದು ಹಮ್ಮಬ್ಬ. ಅವನು ಎಣಿಸಿದ್ದ.

ಚಲನ್ನಿಗೆ ಮೂರು ಹಾಳೆ. ಬಿಳಿಯದು ಧನಿಗಳಿಗೆ,
ಗುಲಾಬಿ ಅಂಗಡಿಗೆ, ಹಳದಿ ನಮಗೆ.
ಕಾರ್ಬನ್ ಅಲ್ಲಿಗೆ ಬರುವಾಗ ಅಕ್ಷರಕ್ಕೆ ಜೀವ ಇಲ್ಲ,
ನಮ್ಮ ಇಬ್ಬರ ಹೆಸರು ಸಾಧಾರಣ ಒಂದೇ ಥರ ಕಾಣುತ್ತಿತ್ತು.

ಆ ವರ್ಷ ಕರ್ಫ್ಯೂ. ನಾಲ್ಕನೆಯ ದಿನ ಎರಡು ಗಂಟೆ ಸಡಿಲ.
ಪಾಸು ಇತ್ತು: ಅಕ್ಕಿ, ಬೆಲ್ಲ, ಶಿಶುಗಳ ಹಾಲಿನ ಪುಡಿ.
ಯಾವ ತಿರುವು ಎಂದು ಹೇಳುವುದಿಲ್ಲ,
ಅಲ್ಲಿ ನಿಂತಿದ್ದವರಲ್ಲಿ ಇಬ್ಬರು
ಈಗಲೂ ಸಂತೆಯಲ್ಲಿ ಸಿಕ್ಕಿದರೆ ನಗುತ್ತಾರೆ.
ರಸ್ತೆಗೆ ಅಡ್ಡ ಒಂದು ಶಾಲೆಯ ಬೆಂಚು,
ಏಳೆಂಟು ಮಂದಿ, ಕೈಯಲ್ಲಿ ಸೋಡಾ ಬಾಟಲಿ.
‘ದೇಜಪ್ಪಣ್ಣ, ಹತ್ತಿರ ಕೂತದ್ದು ಯಾರು?’
ನನಗಿಂತ ಮೊದಲು ನನ್ನ ಬಾಯಿ ಹೇಳಿತು:
‘ಐತಪ್ಪ. ನಮ್ಮ ಅತ್ತೆಯ ಕಡೆಯವ.’

ಹಮ್ಮಬ್ಬ ಅಗಿಯುವುದನ್ನು ನಿಲ್ಲಿಸಿದ.
ಬೆಂಚು ಸರಿಯಿತು.

ಜೀವ ಉಳಿಯಿತಲ್ಲ ಎಂದೆ. ಹ್ಞೂಂ ಎಂದ.
ಅವನನ್ನು ಇಳಿಸಿ ಓಣಿಗೆ ರಿವರ್ಸ್ ಹಾಕಿದೆ.
ಕಿವಿಗೊಟ್ಟೆ. ತಗಡು ಸುಮ್ಮನಿತ್ತು.
ಇನ್ನೂ ಜಾಗ ಉಂಟು ಎಂದುಕೊಂಡೆ,
ಇರಲಿಲ್ಲ.
ಪೊರ್ಬುಗಳ ಗೇಟಿನ ಕಂಬ, ಈಸ್ಟರಿಗೆ ಸುಣ್ಣ ಬಳಿದದ್ದು,
ಮುದುಕರು ಕೂತ ಹಾಗೆ ಮೆಲ್ಲ ಕೂತುಬಿಟ್ಟಿತು.

‘ಎಂತ ಹಮ್ಮಬ್ಬ, ಗುದ್ದಲಿಲ್ಲ ಯಾಕೆ?’
ಬದಿಗೆ ಹೋಗಿ ಉಗುಳಿ ಬಂದ. ಬಾಯಿ ಖಾಲಿ ಮಾಡಿ ಅವನು ಮಾತಾಡಿದ್ದು
ಅದೇ ಮೊದಲೋ ಏನೋ.
‘ಐತಪ್ಪ ಗುದ್ದುತ್ತಾನೆ ಅಂತ ಗ್ರಹಿಸಿದೆ.’

ನಗಬೇಕಾ ಗೊತ್ತಾಗಲಿಲ್ಲ. ಈಗಲೂ ಗೊತ್ತಿಲ್ಲ.

ಮುಂದಿನ ಆದಿತ್ಯವಾರ ಇಬ್ಬರೂ ಸೇರಿ ಕಂಬ ಕಟ್ಟಿದೆವು,
ಅವನು ಕಲ್ಲು ಕೊಟ್ಟ, ನಾನು ಗಾರೆ ಮೆತ್ತಿದೆ.
ಸಿಮೆಂಟಿನ ದುಡ್ಡು ಧನಿಗಳು ಸಂಬಳದಲ್ಲಿ ಹಿಡಿದರು,
ಒಬ್ಬೊಬ್ಬನಿಗೆ ತೊಂಬತ್ತು.
ನಾನು ಸಹಿ ಹಾಕಿ ಹೊರಗೆ ಬಂದೆ. ಹಮ್ಮಬ್ಬ ಬರಲಿಲ್ಲ.
ಇಣುಕಿದರೆ ಪುಸ್ತಕದ ಮೇಲೆ ಬೆರಳಿಟ್ಟು
ರೈಟರನ ಹತ್ತಿರ ತನ್ನ ಹೆಸರು ಓದಿಸುತ್ತಿದ್ದ.
ಒಮ್ಮೆ ಓದಿದ ಮೇಲೆ
ಇನ್ನೊಮ್ಮೆ, ಸ್ವಲ್ಪ ದೊಡ್ಡದಾಗಿ.

ಮತ್ತೆ ಒಂಬತ್ತು ವರ್ಷ ತಟ್ಟಿದ. ಒಂದು ಸಲವೂ ತಪ್ಪಲಿಲ್ಲ.
ಆ ಮಾತು ಅವನು ಎತ್ತಲಿಲ್ಲ, ನಾನೂ.

ಕಂಬ ಸ್ವಲ್ಪ ಎಡಕ್ಕೆ ವಾಲಿದೆ, ಬಸ್ಸಿನಿಂದ ಕಾಣುತ್ತದೆ.
ಪಕ್ಕದ ಮನೆಯ ಹುಡುಗನ ಕಾರಿಗೆ ಹಿಂದೆ ಕ್ಯಾಮೆರಾ ಉಂಟು,
ಹಿಂದೆ ಬರುವಾಗ ಪೀಂ ಪೀಂ ಎನ್ನುತ್ತದೆ.
ಜಗಲಿಯಲ್ಲಿ ಪೇಪರ್ ಓದುತ್ತಿದ್ದರೂ
ನನ್ನ ಬಲಗಾಲು ನೆಲವನ್ನು ಒತ್ತುತ್ತದೆ,
ಇನ್ನೂ ಯಾರೂ ಗುದ್ದಲಿಲ್ಲವಲ್ಲ ಎಂದು.