ಉಸಿರಿಗೆ ಒಂದು ಗಂಟೆ

ಬಾಗಿಲ ಮೇಲಿನ ಚೀಟಿ ನನ್ನದೇ ಅಕ್ಷರ:
ತುರ್ತಿದ್ದರೆ ಮಾತ್ರ. ಮೊದಲು ಫೋನ್ ಮಾಡಿ.
ಫೋನಿನಲ್ಲಿ ಕೇಳಿದೆ, ಜ್ವರ ಇದೆಯಾ, ಕೆಮ್ಮು?
ಕಾಫಿಯ ವಾಸನೆ ಗೊತ್ತಾಗುತ್ತಾ?
ನೋವು ಹತ್ತರಲ್ಲಿ ಎಷ್ಟು?
"ಹತ್ತರ ಲೆಕ್ಕ ನಂಗೆ ಬರಲ್ಲ ಅಮ್ಮ.
ಮೇಲಿನ ಷಡ್ಜ ಹಿಡಿದು ಕೂತಿದೆ,
ಮೂರು ರಾತ್ರಿ ಆಯ್ತು, ಇಳೀತಾನೇ ಇಲ್ಲ."

ಮಂಡಗದ್ದೆಯಿಂದ ಹಾಲಿನ ವ್ಯಾನಿನಲ್ಲಿ ಬಂದರು
ವಾಲಗದ ಶೇಷಪ್ಪ.
ಗಾಜನೂರಿನ ಹತ್ತಿರ ಪೊಲೀಸರಿಗೆ
ಪಾಸಿನ ಬದಲು ಕೆನ್ನೆ ತೋರಿಸಿದರಂತೆ.
ಊದುವುದೇ ಕಸುಬಾದ ಕೆನ್ನೆ
ಈ ಸಲ ತಾನಾಗಿ ಊದಿತ್ತು.
ದುರ್ಗಿಗುಡಿಯ ಶಟರುಗಳೆಲ್ಲ ಕೆಳಗೆ,
ನಮ್ಮ ಮೆಟ್ಟಿಲಲ್ಲಿ ಒಂದೇ ಜೊತೆ ಚಪ್ಪಲಿ.

ಅಭ್ಯಾಸಬಲದಿಂದ ಯಾರೂ ಒತ್ತದಿರಲೆಂದು
ಫ್ಯಾನಿನ ಸ್ವಿಚ್ಚಿಗೆ ಫಿಲೋಮಿನಾ ಪ್ಲಾಸ್ಟರ್ ಅಂಟಿಸಿದ್ದಳು.
ಗೊಬ್ಬರದ ಚೀಲದಂಥ ಗೌನಿನೊಳಗೆ ನಾವಿಬ್ಬರು;
ನನ್ನ ಕನ್ನಡಕದೊಳಗೆ ನನ್ನದೇ ಆವಿ.

ಅವರು ಮಾಸ್ಕ್ ತೆಗೆದರು.
ಎರಡು ತಿಂಗಳಲ್ಲಿ, ಮನೆಯವರದಲ್ಲದ
ಮೊದಲ ಪೂರ್ತಿ ಮುಖ.
ನಾನು ಒಂದು ಹೆಜ್ಜೆ ಹಿಂದೆ ಸರಿದೆ.
ಅವರು ನೋಡಿದರು. ಏನೂ ಅನ್ನಲಿಲ್ಲ.

ಮೇಲಿನ ಸಾಲು, ಮುಂದಿನದು,
ಪೀಪಿಗೆ ತುಟಿಯ ಹಿಂದೆ ಆಸರೆ ಕೊಡುವ ಹಲ್ಲು.
ಕೊರೆಯಬೇಡಿ ಎನ್ನುತ್ತದೆ ಸುತ್ತೋಲೆ,
ಕೊರೆದರೆ ಎಂಜಲು ಮಂಜಾಗಿ ತೇಲುತ್ತದೆ.
ಕಿತ್ತರೆ ಹತ್ತೇ ನಿಮಿಷ.
"ಕೀಳ್ತೀರಾ? ಗಾಳಿ ಸೋರುತ್ತಲ್ಲ."
ಯಾವ ಮದುವೆಗೆ ಊದಲು, ಈ ವರ್ಷ?
ಕೇಳಲಿಲ್ಲ.

ಯಂತ್ರ ತನ್ನ ಕೊಕ್ಕೆಯಲ್ಲೇ ಉಳಿಯಿತು.
ಅಯೋಡಿನ್ ಮುಕ್ಕಳಿಸಿ, ಉಗುಳಬೇಡಿ, ಮೆಲ್ಲಗೆ ಬಿಡಿ.
ಹಲ್ಲಿನ ಸುತ್ತ ರಬ್ಬರಿನ ಪರದೆ,
ತುಟಿಯಂಚಿಗೆ ಫಿಲೋಮಿನಾಳ ನಳಿಕೆ.
ಕಾಳಿನಷ್ಟು ಬಾಯಿರುವ ಚಮಚದಿಂದ
ಹುಳುಕನ್ನು ತೋಡುತ್ತಾ ಹೋದೆ,
ಅಜ್ಜಿ ಹಲಸಿನ ಬೀಜದ ಸಿಪ್ಪೆ ಕೆರೆಯುತ್ತಿದ್ದಂತೆ,
ಅವಸರವಿಲ್ಲದೆ, ಗೊಣಗುತ್ತಾ.
ನಲವತ್ತು ನಿಮಿಷ. ಗೌನಿನೊಳಗೆ ಬೆನ್ನಿಡೀ ನೀರು.
ಕೀವು ಇಳಿಯಿತು.
ಹುಬ್ಬುಗಳೆರಡೂ ಮಂದ್ರಕ್ಕೆ ಬಂದವು.

ಔಷಧಿ ಇಟ್ಟು ಮುಚ್ಚಿ, ಮುಗಿದಿಲ್ಲ, ಮತ್ತೆ ಬರಬೇಕು ಎಂದೆ.
"ಹಾಲಿನ ವ್ಯಾನ್ ದಿನಾ ಬರುತ್ತೆ," ಎಂದರು.

ಅವರು ಹೋದ ಮೇಲೆ, ನಿಯಮದಂತೆ,
ಕಿಟಕಿ ತೆರೆದು ಒಂದು ಗಂಟೆ ಕೋಣೆ ಖಾಲಿ ಬಿಡಬೇಕು.
ಮೆಟ್ಟಿಲ ಮೇಲೆ ಕೂತೆವು ನಾವು;
ಒಳಗೆ ಅವರ ಉಸಿರೊಂದೇ.
ಎಲೆ ಅಡಿಕೆ ಇಟ್ಟು ಕರೆಸುತ್ತಿದ್ದ ಉಸಿರು,
ಗಟ್ಟಿಮೇಳ ಅಂದಕೂಡಲೇ
ಜಗಳ, ಸೀನು, ಮಗುವಿನ ಅಳು ಎಲ್ಲವನ್ನೂ
ಮುಳುಗಿಸುತ್ತಿದ್ದ ಉಸಿರು.
ಅದು ಹೊರಗೆ ಹೋಗಲೆಂದು ನಾವು
ಗಡಿಯಾರ ನೋಡುತ್ತಿದ್ದೇವೆ.

"ನನ್ನ ಮದುವೆಗೆ ಬ್ಯಾಂಡ್ ಇತ್ತು," ಎಂದಳು ಫಿಲೋಮಿನಾ.
"ಇನ್ನೂ ಇಪ್ಪತ್ತು ನಿಮಿಷ ಇದೆ ಮೇಡಂ."

ಹಿಂದಿನ ವಾರ ಒಬ್ಬ ಹೆಂಗಸಿಗೆ
ಲವಂಗ ಇಟ್ಕೊಳ್ಳಿ ಎಂದು ಫೋನ್ ಇಟ್ಟಿದ್ದೆ.
ಹೆಸರು ಕೇಳಿರಲಿಲ್ಲ.
ಗ್ಲೌಸ್ ಕಳಚಿ, ಕೈ ತೊಳೆದು,
ನಂಬರು ಹುಡುಕಿ ಒತ್ತಿದೆ.
ರಿಂಗಾಗುತ್ತಿದೆ.